ಎನ್‌ಐಸಿಯುನಲ್ಲಿರುವ ಮಗುವಿನ ತೂಕ ಇಳಿದರೆ ಹಾಲು ಸಾಲುತ್ತಿಲ್ಲ ಎಂದರ್ಥವೇ?

ದಿನ ತುಂಬುವ ಮೊದಲೇ ಹುಟ್ಟಿದ ಮಗು ಎನ್‌ಐಸಿಯುನಲ್ಲಿದ್ದಾಗ ಮನೆಯವರಿಗೆ ಸಿಗುವ ಮಾಹಿತಿ ಬಹಳ ಕಡಿಮೆ. ಯಂತ್ರಗಳ ಭಾಷೆ ಅರ್ಥವಾಗುವುದಿಲ್ಲ, ವೈದ್ಯರು ಸಿಗುವುದು ಹತ್ತು ನಿಮಿಷ. ಹಿಡಿದುಕೊಳ್ಳಲು ಇರುವುದು ಒಂದೇ ಸಂಖ್ಯೆ, ಇವತ್ತಿನ ತೂಕ. ಹುಟ್ಟಿದಾಗ 1,200 ಗ್ರಾಂ ಇದ್ದ ಮಗು ಐದನೇ ದಿನ 1,090 ಗ್ರಾಂ ಆಗಿದೆ ಎಂದು ನರ್ಸ್ ಹೇಳಿದರೆ ಸಾಕು, ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಫಾರ್ವರ್ಡ್‌ಗಳು ಶುರು. ‘ಆಸ್ಪತ್ರೆಯಲ್ಲಿ ಮಗುವಿಗೆ ಹೊಟ್ಟೆಗೇ ಕೊಡುವುದಿಲ್ಲ’, ‘ತಾಯಿ ಹಾಲು ನೀರಾಗಿದ್ದರೆ ತೂಕ ಏರುವುದಿಲ್ಲ’, ‘ಹಸುವಿನ ಹಾಲಿಗೆ ನೀರು ಬೆರೆಸಿ ಕೊಡಿ’, ‘ಜೇನುತುಪ್ಪ ನೆಕ್ಕಿಸಿ’, ‘ಈ ಡಬ್ಬದ ಪುಡಿ ಹಾಕಿದರೆ ಹದಿನೈದು ದಿನದಲ್ಲಿ ಮಗು ದುಂಡಗಾಗುತ್ತದೆ’.

ಇದನ್ನು ನಂಬಿ ಕೆಲವರು ಮಗುವನ್ನು ವೈದ್ಯರ ಮಾತು ಮೀರಿ ಮನೆಗೆ ಕರೆದೊಯ್ಯುತ್ತಾರೆ. ಇನ್ನು ಕೆಲವರು ಯಾರೂ ನೋಡದಾಗ ಬಾಯಿಗೆ ಏನಾದರೂ ಹಾಕುತ್ತಾರೆ. ಎರಡೂ ಜೀವಕ್ಕೆ ಅಪಾಯ. ಹಾಗಾಗಿ ಆಸ್ಪತ್ರೆಯಲ್ಲಿ ಈ ಪುಟ್ಟ ಮಕ್ಕಳ ಬೆಳವಣಿಗೆಯನ್ನು ಹೇಗೆ ಅಳೆಯುತ್ತಾರೆ, ಹಾಲಿನ ಲೆಕ್ಕ ಹೇಗೆ ಹಾಕುತ್ತಾರೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಮೇಲಿನ ಪ್ರಶ್ನೆಗೆ ಚಿಕ್ಕ ಉತ್ತರ: ಇಲ್ಲ. ಮೊದಲ ವಾರದಲ್ಲಿ ತೂಕ ಇಳಿಯುವುದು ನಿರೀಕ್ಷಿತ. ಒಂದು ದಿನದ ತೂಕದಿಂದ ಏನನ್ನೂ ತೀರ್ಮಾನಿಸಲು ಆಗುವುದಿಲ್ಲ. ನೋಡಬೇಕಾದದ್ದು ವಾರದ ಏರಿಕೆಯನ್ನು, ಅದರ ಜೊತೆಗೆ ತಲೆಯ ಸುತ್ತಳತೆ ಮತ್ತು ಉದ್ದವನ್ನು.

ಮೊದಲು ಇಳಿಯುವುದು ನೀರು

37 ವಾರ ತುಂಬುವ ಮೊದಲು ಹುಟ್ಟಿದ ಮಗುವನ್ನು ಅವಧಿಪೂರ್ವ ಮಗು ಎನ್ನುತ್ತಾರೆ. 2,500 ಗ್ರಾಂಗಿಂತ ಕಡಿಮೆ ಇದ್ದರೆ ಕಡಿಮೆ ತೂಕ, 1,500ಕ್ಕಿಂತ ಕೆಳಗೆ ತೀರಾ ಕಡಿಮೆ ತೂಕ, 1,000ಕ್ಕಿಂತ ಕೆಳಗೆ ಅತ್ಯಂತ ಕಡಿಮೆ ತೂಕ. (ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತದೆ, ಎಂಟು ತಿಂಗಳದ್ದು ಉಳಿಯುವುದಿಲ್ಲ ಎಂಬ ಮಾತು ನಮ್ಮಲ್ಲಿ ಇನ್ನೂ ಕೇಳಿಬರುತ್ತದೆ. ಇದು ಪ್ರಾಚೀನ ಗ್ರೀಕರಲ್ಲೂ ಇದ್ದ ನಂಬಿಕೆ. ಸುಳ್ಳು. ಗರ್ಭದಲ್ಲಿ ಕಳೆದ ಪ್ರತಿ ಹೆಚ್ಚುವರಿ ವಾರವೂ ಮಗುವಿಗೆ ಒಳ್ಳೆಯದೇ.)

ಗರ್ಭದಲ್ಲಿ ಮಗು ನೀರಿನಲ್ಲೇ ತೇಲುತ್ತಿರುತ್ತದೆ, ಅದರ ದೇಹದ ಬಹುಭಾಗವೂ ನೀರೇ. 28 ವಾರಕ್ಕೆ ಹುಟ್ಟಿದ ಮಗುವಿನ ತೂಕದಲ್ಲಿ ಶೇ 80ಕ್ಕೂ ಹೆಚ್ಚು ನೀರು. ಹುಟ್ಟಿದ ಮೇಲೆ ಜೀವಕೋಶಗಳ ಹೊರಗಿರುವ ಹೆಚ್ಚುವರಿ ನೀರನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಚರ್ಮ ಈರುಳ್ಳಿ ಪೊರೆಯಷ್ಟು ತೆಳ್ಳಗಿರುವುದರಿಂದ ಅದರ ಮೂಲಕವೂ ನೀರು ಆವಿಯಾಗುತ್ತದೆ. ದಿನ ತುಂಬಿ ಹುಟ್ಟಿದ ಮಗುವೇ ಮೊದಲ ದಿನಗಳಲ್ಲಿ ಶೇ 7ರಿಂದ 10ರಷ್ಟು ತೂಕ ಕಳೆದುಕೊಳ್ಳಬಹುದು. ದಿನ ತುಂಬದ ಮಗುವಿನಲ್ಲಿ ಇದು ಶೇ 10ರಿಂದ 15ರವರೆಗೂ ಹೋಗಬಹುದು. 1,200 ಗ್ರಾಂ ಮಗು 1,090ಕ್ಕೆ ಇಳಿದರೆ ಅದು ಶೇ 9ರಷ್ಟು ಇಳಿಕೆ, ಅಂದರೆ ನಿರೀಕ್ಷೆಯ ಒಳಗೇ ಇದೆ.

ಇನ್ನೊಂದು ಮಾತು ಹಲವರಿಗೆ ಅಚ್ಚರಿಯಾಗಬಹುದು. ಮೊದಲ ವಾರದಲ್ಲಿ ತೂಕ ಇಳಿಯದೆ ಏರುತ್ತಲೇ ಹೋದರೆ ವೈದ್ಯರು ಸಂತೋಷಪಡುವುದಿಲ್ಲ. ದೇಹದಲ್ಲಿ ನೀರು ನಿಲ್ಲುತ್ತಿದೆಯೇ, ಹೃದಯಕ್ಕೂ ಶ್ವಾಸಕೋಶಕ್ಕೂ ಹೊರೆಯಾಗುತ್ತಿದೆಯೇ ಎಂದು ಪರೀಕ್ಷಿಸುತ್ತಾರೆ. ಒಂದೇ ದಿನದಲ್ಲಿ 80 ಗ್ರಾಂ ಏರಿತು ಎಂದು ಸಿಹಿ ಹಂಚುವ ಮೊದಲು ಕಣ್ಣಿನ ರೆಪ್ಪೆ, ಪಾದ ಊದಿಕೊಂಡಿವೆಯೇ ಎಂದು ನೋಡುವುದು ಇದೇ ಕಾರಣಕ್ಕೆ.

ಹುಟ್ಟಿದ ತೂಕಕ್ಕೆ ಮರಳಲು ಸಾಮಾನ್ಯವಾಗಿ 10ರಿಂದ 14 ದಿನ ಬೇಕು. ತೀರಾ ಚಿಕ್ಕ ಅಥವಾ ಕಾಯಿಲೆಬಿದ್ದ ಮಕ್ಕಳಿಗೆ ಮೂರು ವಾರವೂ ಆಗಬಹುದು. ಆಮೇಲೆ ಶುರುವಾಗುವುದೇ ನಿಜವಾದ ಬೆಳವಣಿಗೆಯ ಲೆಕ್ಕ.

ತಕ್ಕಡಿ ಹೇಳುವುದು, ಹೇಳದಿರುವುದು

ಎನ್‌ಐಸಿಯುನಲ್ಲಿ ಪ್ರತಿದಿನ, ಸಾಧ್ಯವಾದಷ್ಟು ಒಂದೇ ಹೊತ್ತಿಗೆ, ಅದೇ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ, ಬಟ್ಟೆ ಇಲ್ಲದೆ ಮಗುವನ್ನು ತೂಗುತ್ತಾರೆ. ಆದರೂ ವ್ಯತ್ಯಾಸ ತಪ್ಪಿದ್ದಲ್ಲ. ಕೈಗೆ ಕಟ್ಟಿದ ಸ್ಪ್ಲಿಂಟ್, ಮೂಗಿನ ಕೊಳವೆ, ಆಗತಾನೆ ಕುಡಿದ 15 ಮಿ.ಲೀ. ಹಾಲು, ಇನ್ನೂ ಮಾಡದ ಮೂತ್ರ, ಇವೆಲ್ಲ ಸೇರಿದರೆ ಸುಲಭವಾಗಿ 20-30 ಗ್ರಾಂ ಹೆಚ್ಚುಕಮ್ಮಿಯಾಗುತ್ತದೆ. ಈ ಮಗುವಿನಿಂದ ದಿನಕ್ಕೆ ನಿರೀಕ್ಷಿಸುವ ಏರಿಕೆಯೇ ಅಷ್ಟು. ಹಾಗಾದರೆ ನಿನ್ನೆಗಿಂತ ಇವತ್ತು 10 ಗ್ರಾಂ ಕಡಿಮೆ ಎಂಬುದಕ್ಕೆ ಎಷ್ಟು ಬೆಲೆ ಕೊಡಬೇಕು? ನಮ್ಮ ಪ್ರಕಾರ, ಏನೂ ಇಲ್ಲ.

ವೈದ್ಯರು ನೋಡುವುದು ಐದಾರು ದಿನದ ಸರಾಸರಿ. ಹುಟ್ಟಿದ ತೂಕಕ್ಕೆ ಮರಳಿದ ನಂತರ ಗುರಿ ಸಾಮಾನ್ಯವಾಗಿ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 15ರಿಂದ 20 ಗ್ರಾಂ. ನಮ್ಮ 1,200 ಗ್ರಾಂ ಮಗುವಿಗೆ ಅದು ದಿನಕ್ಕೆ 18ರಿಂದ 24 ಗ್ರಾಂ, ಅಂದರೆ ಒಂದು ವಾರದ ಕೊನೆಗೆ ಸುಮಾರು 1,330ರಿಂದ 1,380 ಗ್ರಾಂ. ಮಗು ಎರಡು ಕೆ.ಜಿ. ದಾಟಿದ ಮೇಲೆ ಲೆಕ್ಕ ಸರಳ: ದಿನಕ್ಕೆ 20ರಿಂದ 30 ಗ್ರಾಂ.

ವಾರಕ್ಕೊಮ್ಮೆ ಇನ್ನೆರಡು ಅಳತೆ ತೆಗೆಯುತ್ತಾರೆ. ಹಿಗ್ಗದ ಟೇಪಿನಿಂದ ತಲೆಯ ಸುತ್ತಳತೆ, ಬೋರ್ಡಿನ ಮೇಲೆ ಮಲಗಿಸಿ ಉದ್ದ. ತಲೆ ವಾರಕ್ಕೆ ಅರ್ಧದಿಂದ ಒಂದು ಸೆಂ.ಮೀ., ಉದ್ದ ಸುಮಾರು ಒಂದು ಸೆಂ.ಮೀ. ಬೆಳೆಯಬೇಕು. ಮನೆಯವರು ಈ ಎರಡನ್ನು ಕೇಳುವುದೇ ಇಲ್ಲ, ಆದರೆ ನಾವಾದರೆ ತೂಕಕ್ಕಿಂತ ಮೊದಲು ಇವನ್ನೇ ಕೇಳುತ್ತೇವೆ. ತೂಕ ನೀರಿನಿಂದಲೂ ಏರುತ್ತದೆ, ಕೊಬ್ಬಿನಿಂದಲೂ ಏರುತ್ತದೆ. ತಲೆಯ ಸುತ್ತಳತೆ ಮಿದುಳು ಬೆಳೆಯುತ್ತಿದೆ ಎಂಬ ಸೂಚನೆ, ಉದ್ದ ಮೂಳೆ ಮತ್ತು ಸ್ನಾಯು ಬೆಳೆಯುತ್ತಿವೆ ಎಂಬ ಸೂಚನೆ. ತಲೆ ತೀರಾ ವೇಗವಾಗಿ ದೊಡ್ಡದಾಗುತ್ತಿದ್ದರೆ ಅದೂ ಎಚ್ಚರಿಕೆಯ ಗಂಟೆ. ಮಿದುಳಿನೊಳಗೆ ದ್ರವ ತುಂಬಿಕೊಳ್ಳುತ್ತಿದೆಯೇ ಎಂದು ಸ್ಕ್ಯಾನ್ ಮಾಡಿ ನೋಡುತ್ತಾರೆ.

ಯಾರ ಮಗುವಿನ ಜೊತೆ ಹೋಲಿಸುವುದು?

ಈ ಅಳತೆಗಳನ್ನು ಒಂದು ಗ್ರಾಫ್ ಹಾಳೆಯ ಮೇಲೆ ಗುರುತು ಮಾಡುತ್ತಾರೆ. ಆ ಹಾಳೆಗೂ ಒಂದು ಚರಿತ್ರೆ ಇದೆ. 1963ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಲೂಲಾ ಲುಬ್ಚೆಂಕೊ ಎಂಬ ವೈದ್ಯೆ ಮತ್ತು ಸಂಗಡಿಗರು ಗರ್ಭದ ವಾರಕ್ಕೆ ತಕ್ಕಂತೆ ಮಕ್ಕಳ ತೂಕ ಎಷ್ಟಿರುತ್ತದೆ ಎಂಬ ಪಟ್ಟಿ ಪ್ರಕಟಿಸಿದರು. ಜಗತ್ತಿನ ಎಷ್ಟೋ ಆಸ್ಪತ್ರೆಗಳು ದಶಕಗಳ ಕಾಲ ಅದನ್ನೇ ಬಳಸಿದವು. ಆದರೆ ಡೆನ್ವರ್ ಇರುವುದು ಸಮುದ್ರ ಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿ. ಎತ್ತರದ ಊರುಗಳಲ್ಲಿ ಹುಟ್ಟುವ ಮಕ್ಕಳ ತೂಕ ಸ್ವಲ್ಪ ಕಡಿಮೆ ಇರುತ್ತದೆ. ಒಂದು ಬೆಟ್ಟದ ಊರಿನ ಅಳತೆ ಎಲ್ಲರಿಗೂ ಅಳತೆಗೋಲಾಗಿತ್ತು!

ಈಗ ನಮ್ಮ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು ಬಗೆಯ ಚಾರ್ಟ್. ಒಂದು ಕೆನಡಾದ ಟ್ಯಾನಿಸ್ ಫೆಂಟನ್ ರೂಪಿಸಿದ್ದು. 2013ರ ಅದರ ಆವೃತ್ತಿ ಗಂಡು, ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಗೆರೆ ಕೊಡುತ್ತದೆ. ಇನ್ನೊಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನೇತೃತ್ವದ ಇಂಟರ್‌ಗ್ರೋತ್-21 ಯೋಜನೆಯದ್ದು. ಅದಕ್ಕಾಗಿ ಎಂಟು ದೇಶಗಳ ಎಂಟು ಊರುಗಳಲ್ಲಿ ಆರೋಗ್ಯವಂತ ತಾಯಂದಿರ ಮಕ್ಕಳನ್ನು ಅಳೆದರು. ಅವುಗಳಲ್ಲಿ ಒಂದು ನಮ್ಮ ದೇಶದ ನಾಗ್ಪುರ. ‘ಬಿಳಿಯರ ಮಕ್ಕಳ ಚಾರ್ಟ್‌ಗೆ ನಮ್ಮ ಮಕ್ಕಳನ್ನು ಯಾಕೆ ಹೋಲಿಸಬೇಕು’ ಎಂದು ಕೇಳುವವರಿಗೆ ಇದು ಉತ್ತರ: ಪೋಷಣೆ, ಆರೋಗ್ಯ ಸರಿಯಿದ್ದರೆ ಬೇರೆ ಬೇರೆ ದೇಶಗಳ ಮಕ್ಕಳು ಬಹುಮಟ್ಟಿಗೆ ಒಂದೇ ರೀತಿ ಬೆಳೆಯುತ್ತಾರೆ.

ಚಾರ್ಟ್‌ನಲ್ಲಿ ಮಗು ಮೇಲಿನ ಗೆರೆಯಲ್ಲೇ ಇರಬೇಕು ಎಂದೇನೂ ಇಲ್ಲ. ಮೊದಲ ದಿನಗಳ ಇಳಿಕೆಯ ನಂತರ ಯಾವ ಗೆರೆಯ ಬಳಿ ನೆಲೆ ನಿಂತಿತೋ ಅದಕ್ಕೆ ಸಮಾನಾಂತರವಾಗಿ ಸಾಗುತ್ತಿದೆಯೇ ಎಂಬುದು ಮುಖ್ಯ. ಪಕ್ಕದ ತೊಟ್ಟಿಲಿನ ಮಗುವಿನ ತೂಕಕ್ಕೆ ಹೋಲಿಸುವುದಂತೂ ಬೇಡವೇ ಬೇಡ. ಅದು 34 ವಾರದ್ದಿರಬಹುದು, ನಿಮ್ಮದು 29.

ಮೂರು ಚಮಚ ಹಾಲಿನ ಲೆಕ್ಕ

ಈಗ ಊಟದ ವಿಷಯ. ಗರ್ಭದಲ್ಲಿ ಹೊಕ್ಕುಳಬಳ್ಳಿಯ ಮೂಲಕ ದಿನವಿಡೀ ಬರುತ್ತಿದ್ದ ಪೋಷಣೆ ಒಮ್ಮೆಲೇ ನಿಂತಿರುತ್ತದೆ. ಕರುಳು ಇನ್ನೂ ಕೆಲಸ ಕಲಿತಿಲ್ಲ. ಆದ್ದರಿಂದ ತೀರಾ ಚಿಕ್ಕ ಮಕ್ಕಳಿಗೆ ಮೊದಲ ದಿನಗಳಲ್ಲಿ ರಕ್ತನಾಳದ ಮೂಲಕ ಗ್ಲೂಕೋಸ್, ಪ್ರೋಟೀನಿನ ಅಂಶಗಳಾದ ಅಮೈನೊ ಆಮ್ಲ, ಕೊಬ್ಬು ಕೊಡುತ್ತಾರೆ. ಜೊತೆಗೆ ತಾಯಿಯ ಹಾಲನ್ನು ಹನಿಹನಿಯಾಗಿ ಶುರು ಮಾಡುತ್ತಾರೆ. ಆ ಹನಿಗಳು ಹೊಟ್ಟೆ ತುಂಬಿಸಲು ಅಲ್ಲ, ಕರುಳನ್ನು ಎಬ್ಬಿಸಲು. ‘ಹೊಟ್ಟೆಗೇ ಕೊಡುತ್ತಿಲ್ಲ’ ಎಂಬ ಆರೋಪ ಹುಟ್ಟುವುದು ಇಲ್ಲೇ. ಕೊಳವೆಯಲ್ಲಿ ಹೋಗುತ್ತಿರುವ ಪೋಷಣೆ ನಮ್ಮ ಕಣ್ಣಿಗೆ ಊಟದಂತೆ ಕಾಣುವುದಿಲ್ಲ.

ನಂತರ ಹಾಲನ್ನು ದಿನದಿನವೂ ಏರಿಸುತ್ತಾರೆ. ಎಷ್ಟು ವೇಗವಾಗಿ ಏರಿಸಬಹುದು ಎಂಬುದು ಬಹಳ ಕಾಲ ಚರ್ಚೆಯಲ್ಲಿತ್ತು. ಬೇಗ ಏರಿಸಿದರೆ ಕರುಳು ಕೆಡುತ್ತದೆ ಎಂಬ ಭಯ. ಬ್ರಿಟನ್ ಮತ್ತು ಐರ್ಲೆಂಡಿನ 2,800ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ ಕೆ.ಜಿ.ಗೆ 18 ಮಿ.ಲೀ. ಏರಿಸಿದ ಗುಂಪಿಗೂ 30 ಮಿ.ಲೀ. ಏರಿಸಿದ ಗುಂಪಿಗೂ ಎರಡು ವರ್ಷದ ಹೊತ್ತಿಗೆ ಮುಖ್ಯ ಫಲಿತಾಂಶದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯೂ ದಿನಕ್ಕೆ ಕೆ.ಜಿ.ಗೆ 30 ಮಿ.ಲೀ.ವರೆಗೆ ಏರಿಸಬಹುದು ಎನ್ನುತ್ತದೆ.

ಪೂರ್ಣ ಪ್ರಮಾಣ ಎಂದರೆ ಸಾಮಾನ್ಯವಾಗಿ ಕೆ.ಜಿ.ಗೆ ದಿನಕ್ಕೆ 150ರಿಂದ 180 ಮಿ.ಲೀ. ನಮ್ಮ 1,200 ಗ್ರಾಂ ಮಗುವಿಗೆ 150ರ ಲೆಕ್ಕದಲ್ಲಿ ದಿನಕ್ಕೆ 180 ಮಿ.ಲೀ. ಎರಡು ಗಂಟೆಗೊಮ್ಮೆ ಹನ್ನೆರಡು ಸಲ ಕೊಟ್ಟರೆ ಒಂದು ಸಲಕ್ಕೆ 15 ಮಿ.ಲೀ., ಅಂದರೆ ಮೂರು ಟೀ ಚಮಚ. ಇಷ್ಟೇ? ಹೌದು, ಇಷ್ಟೇ. 60 ಕೆ.ಜಿ.ಯ ದೊಡ್ಡವರಿಗೆ ಇದೇ ಅನುಪಾತದಲ್ಲಿ ಕೊಟ್ಟರೆ ದಿನಕ್ಕೆ ಒಂಬತ್ತು ಲೀಟರ್ ಹಾಲಾಗುತ್ತದೆ! ‘ಬರೀ ಮೂರು ಚಮಚ ಕೊಡುತ್ತಾರೆ’ ಎನ್ನುವವರಿಗೆ ಈ ಲೆಕ್ಕ ತೋರಿಸಿ.

ಮತ್ತೆ ಫೋರ್ಟಿಫೈಯರ್ ಪುಡಿ ಯಾಕೆ? ತಾಯಿಯ ಹಾಲು ಕೆಟ್ಟದ್ದೆಂದಲ್ಲ. 100 ಮಿ.ಲೀ. ತಾಯಿ ಹಾಲಿನಲ್ಲಿ ಸುಮಾರು 67 ಕಿಲೊಕ್ಯಾಲೊರಿ ಇರುತ್ತದೆ. ಕೆ.ಜಿ.ಗೆ 150 ಮಿ.ಲೀ. ಕೊಟ್ಟರೆ ಸಿಗುವುದು ಸುಮಾರು 100 ಕಿಲೊಕ್ಯಾಲೊರಿ. ಗರ್ಭದಲ್ಲಿ ಬೆಳೆಯುವ ವೇಗದಲ್ಲೇ ಬೆಳೆಯಬೇಕಾದ ಈ ಮಗುವಿಗೆ ಬೇಕಾದದ್ದು ಕೆ.ಜಿ.ಗೆ 115ರಿಂದ 140. ಪ್ರೋಟೀನಿನ ಅಂತರ ಇನ್ನೂ ದೊಡ್ಡದು. ಬೇಕಾದದ್ದು ಕೆ.ಜಿ.ಗೆ 3.5ರಿಂದ 4 ಗ್ರಾಂ, ಕೆಲವು ವಾರಗಳ ನಂತರದ ಹಾಲಿನಿಂದ ಸಿಗುವುದು ಅದರ ಅರ್ಧಕ್ಕೂ ಕಡಿಮೆ. ದಿನ ತುಂಬದೆ ಹೆತ್ತ ತಾಯಿಯ ಹಾಲಿನಲ್ಲಿ ಮೊದಲ ವಾರಗಳಲ್ಲಿ ಪ್ರೋಟೀನ್ ಸ್ವಲ್ಪ ಹೆಚ್ಚೇ ಇರುತ್ತದೆ ಎಂಬುದು ಪ್ರಕೃತಿಯ ಉಪಕಾರ, ಆದರೆ ಅದೂ ಕ್ರಮೇಣ ಇಳಿಯುತ್ತದೆ. ಹಾಗಾಗಿ 32 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ ಒಂದೂವರೆ ಕೆ.ಜಿ.ಗಿಂತ ಕಡಿಮೆ ತೂಕದ ಮಕ್ಕಳಿಗೆ ತಾಯಿ ಹಾಲಿಗೇ ಅಳತೆಯ ಪುಡಿ ಬೆರೆಸುವುದನ್ನು ವೈದ್ಯರು ಪರಿಗಣಿಸುತ್ತಾರೆ. ಎಲ್ಲ ಮಕ್ಕಳಿಗೂ ಇದು ಬೇಕಿಲ್ಲ. ಅಂಗಡಿಯಲ್ಲಿ ಸಿಗುವ ಹಾಲಿನ ಪುಡಿಯೂ ಇದೂ ಒಂದೇ ಅಲ್ಲ.

ಜೊತೆಗೆ ವಿಟಮಿನ್ ಡಿ, ಕ್ಯಾಲ್ಸಿಯಂ, ರಂಜಕ, ಎರಡು ವಾರದ ಆಸುಪಾಸಿನಿಂದ ಕಬ್ಬಿಣದ ಹನಿಗಳು. ಮೂಳೆಗಳಿಗೆ ಖನಿಜ ಸಾಲುತ್ತಿದೆಯೇ ಎಂದು ತಿಳಿಯಲು ಕೆಲವು ವಾರಗಳ ನಂತರ ರಕ್ತದಲ್ಲಿ ರಂಜಕ ಮತ್ತು ಆಲ್ಕಲೈನ್ ಫಾಸ್ಫಟೇಸ್ ಪರೀಕ್ಷೆ ಮಾಡುತ್ತಾರೆ. ಮೊದಲ ದಿನಗಳಲ್ಲಿ ಹಿಮ್ಮಡಿ ಚುಚ್ಚಿ ಸಕ್ಕರೆ ನೋಡುವುದು, ಡೈಪರ್ ತೂಗಿ ಮೂತ್ರ ಎಷ್ಟಾಯಿತು ಎಂದು ಬರೆಯುವುದು (ಒಂದು ಗ್ರಾಂ ಹೆಚ್ಚಾದರೆ ಸುಮಾರು ಒಂದು ಮಿ.ಲೀ.) ಇವೆಲ್ಲವೂ ಪೋಷಣೆಯ ನಿಗಾ ಭಾಗವೇ.

ಕೊಳವೆಯಿಂದ ಒಳಲೆಗೆ, ಒಳಲೆಯಿಂದ ಎದೆಗೆ

ಹೀರುವುದು, ನುಂಗುವುದು, ಉಸಿರಾಡುವುದು ಮೂರನ್ನೂ ತಾಳ ತಪ್ಪದೆ ಮಾಡುವ ಸಾಮರ್ಥ್ಯ ಮಗುವಿಗೆ ಬರುವುದು ಸುಮಾರು 32ರಿಂದ 34ನೇ ವಾರದಲ್ಲಿ. ಅದಕ್ಕೂ ಮೊದಲು ಬಾಯಿಗೆ ಹಾಲು ಹಾಕಿದರೆ ಶ್ವಾಸಕೋಶಕ್ಕೆ ಹೋಗುವ ಭಯ. ಆದ್ದರಿಂದ ಬಾಯಿ ಅಥವಾ ಮೂಗಿನ ಮೂಲಕ ಹೊಟ್ಟೆಗೆ ಹೋಗುವ ಸಣ್ಣ ಕೊಳವೆ. ಮುಂದೆ ಚಮಚ ಅಥವಾ ಪಾಲಾಡೈ, ಅಂದರೆ ನಮ್ಮ ಒಳಲೆ. ಹಳೆಯ ಮನೆಗಳ ಬೆಳ್ಳಿಯ ಒಳಲೆಯೇ ಸ್ಟೀಲ್ ರೂಪದಲ್ಲಿ ಎನ್‌ಐಸಿಯುಗೆ ಬಂದಿದೆ. ಆದರೆ ಬಳಸುವ ಕ್ರಮ ಬೇರೆ. ಅಜ್ಜಿಯಂದಿರು ಮಗುವನ್ನು ಕಾಲ ಮೇಲೆ ಮಲಗಿಸಿ ಗಂಟಲಿಗೆ ಸುರಿಯುತ್ತಿದ್ದರು. ಆಸ್ಪತ್ರೆಯಲ್ಲಿ ಕುದಿಸಿ ಶುದ್ಧಮಾಡಿದ ಒಳಲೆಯನ್ನು ತಲೆ ಎತ್ತಿ ಹಿಡಿದ ಮಗುವಿನ ತುಟಿಯ ಅಂಚಿಗೆ ಇಟ್ಟು, ಅದು ನುಂಗಿದ ಮೇಲಷ್ಟೇ ಇನ್ನಷ್ಟು ಬಾಗಿಸುತ್ತಾರೆ. ಬಾಟಲಿಗಿಂತ ಇದನ್ನು ತೊಳೆಯುವುದು ಸುಲಭ, ಸೋಂಕಿನ ಭಯ ಕಡಿಮೆ.

ಪ್ರತಿ ಹಂತದಲ್ಲೂ ಹೊಟ್ಟೆಯ ಮೇಲೆ ಕಣ್ಣಿರುತ್ತದೆ. ಹೊಟ್ಟೆ ಉಬ್ಬುವುದು, ಹಸಿರು ವಾಂತಿ, ಮಲದಲ್ಲಿ ರಕ್ತ, ಮಗು ಮಂಕಾಗುವುದು ಕಂಡರೆ ಹಾಲು ನಿಲ್ಲಿಸುತ್ತಾರೆ. ಇವು ನೆಕ್ರೊಟೈಸಿಂಗ್ ಎಂಟೆರೊಕೊಲೈಟಿಸ್ ಎಂಬ ಕರುಳಿನ ಗಂಭೀರ ಕಾಯಿಲೆಯ ಲಕ್ಷಣಗಳಾಗಿರಬಹುದು. ಅದರಲ್ಲಿ ಕರುಳಿನ ಭಾಗವೇ ಕೊಳೆಯುತ್ತದೆ, ಕೆಲವೊಮ್ಮೆ ಆಪರೇಷನ್ ಬೇಕಾಗುತ್ತದೆ, ಮಗುವನ್ನು ಕಳೆದುಕೊಳ್ಳುವುದೂ ಉಂಟು. ‘ನಿನ್ನೆ ಹಾಲು ಕೊಡುತ್ತಿದ್ದವರು ಇವತ್ತು ಯಾಕೆ ನಿಲ್ಲಿಸಿದರು’ ಎಂಬುದಕ್ಕೆ ಹಲವು ಸಲ ಇದೇ ಉತ್ತರ.

ತೂಕ ಏರಿಸುವ ಡಬ್ಬ: ಅರ್ಧ ಸತ್ಯ

ಫಾರ್ಮುಲಾ ಪುಡಿ ಕುಡಿದ ಮಕ್ಕಳ ತೂಕ ಬೇಗ ಏರುತ್ತದೆ ಎಂಬ ಫಾರ್ವರ್ಡ್ ಪೂರ್ತಿ ಸುಳ್ಳಲ್ಲ. ತಾಯಿಯ ಹಾಲು ಸಿಗದಾಗ ಫಾರ್ಮುಲಾ ಕೊಟ್ಟ ಮಕ್ಕಳನ್ನೂ ದಾನಿ ತಾಯಂದಿರ ಹಾಲು ಕೊಟ್ಟ ಮಕ್ಕಳನ್ನೂ ಹೋಲಿಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಫಾರ್ಮುಲಾ ಗುಂಪಿನ ಮಕ್ಕಳು ಆಸ್ಪತ್ರೆಯಲ್ಲಿದ್ದಾಗ ತುಸು ವೇಗವಾಗಿ ಬೆಳೆದಿದ್ದು ಕಂಡಿತು. ಆದರೆ ಅದೇ ಗುಂಪಿನಲ್ಲಿ ಮೇಲೆ ಹೇಳಿದ ಕರುಳಿನ ಕಾಯಿಲೆಯ ಅಪಾಯ ಸುಮಾರು ಎರಡು ಪಟ್ಟು. ಫಾರ್ವರ್ಡ್ ಮೊದಲ ವಾಕ್ಯವನ್ನು ಹೇಳಿ ಎರಡನೆಯದನ್ನು ನುಂಗುತ್ತದೆ. ತೂಕವೊಂದನ್ನೇ ನೋಡುವವರು ಮೋಸ ಹೋಗುವುದು ಹೀಗೆ.

ಅಂದಹಾಗೆ, ಎರಡು ವರ್ಷದೊಳಗಿನ ಮಕ್ಕಳಿಗೆ ತಾಯಿ ಹಾಲಿಗೆ ಬದಲಿ ಎಂದು ಹಾಲಿನ ಪುಡಿ, ಬಾಟಲಿಗಳ ಜಾಹೀರಾತು ಮಾಡುವುದನ್ನು ನಮ್ಮ ದೇಶದಲ್ಲಿ 1992ರ ಕಾನೂನು, 2003ರ ಅದರ ತಿದ್ದುಪಡಿ ನಿಷೇಧಿಸಿವೆ. ಹಾಗಾಗಿ ‘ದುಂಡಗಿನ ಮಗು’ವಿನ ಫೋಟೊ ಇರುವ ಡಬ್ಬದ ಸಂದೇಶ ಬಂದರೆ ಅದನ್ನು ಮುಂದೆ ಕಳಿಸದಿರುವುದೇ ಸರಿ.

ತಾಯಿಯ ಹಾಲು ಸಾಲದಿದ್ದರೆ ಮೊದಲ ಆಯ್ಕೆ ಮಾನವ ಹಾಲಿನ ಬ್ಯಾಂಕ್. ಏಷ್ಯಾದ ಮೊದಲ ಇಂಥ ಬ್ಯಾಂಕ್ 1989ರಲ್ಲಿ ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಅವರ ಪ್ರಯತ್ನದಿಂದ ಶುರುವಾಯಿತು. ಈಗ ಬೆಂಗಳೂರಿನಲ್ಲೂ ಇವೆ. ದಾನಿಗಳ ರಕ್ತ ಪರೀಕ್ಷಿಸಿ, ಹಾಲನ್ನು ಪಾಶ್ಚರೀಕರಿಸಿ ಕೊಡುತ್ತಾರೆ. ಆನ್‌ಲೈನಿನಲ್ಲಿ ‘ಎದೆಹಾಲು ಮಾರಾಟಕ್ಕಿದೆ’ ಎಂಬ ಸಂದೇಶ ಬಂದರೆ ದೂರವಿರಿ. ಮಾನವ ಹಾಲಿನ ವ್ಯಾಪಾರಕ್ಕೆ ಅನುಮತಿ ಇಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿದೆ.

ಉಳಿದ ಸಲಹೆಗಳು ಹೆಚ್ಚು ಚರ್ಚೆಗೆ ಅರ್ಹವಲ್ಲ. ಹಸುವಿನ ಹಾಲಿನ ಪ್ರೋಟೀನ್ ಮತ್ತು ಲವಣದ ಹೊರೆ ಈ ಮೂತ್ರಪಿಂಡಗಳಿಗೆ ತಡೆಯದು. ನೀರು ಬೆರೆಸಿದರೆ ಪೋಷಣೆಯೂ ತೆಳುವಾಗುತ್ತದೆ. ಜೇನುತುಪ್ಪದಲ್ಲಿರಬಹುದಾದ ಬೀಜಾಣುಗಳಿಂದ ಬಾಟ್ಯುಲಿಸಂ ಎಂಬ ಪಾರ್ಶ್ವವಾಯು ಬರಬಹುದು. ಒಂದು ವರ್ಷದವರೆಗೆ ಯಾವ ಮಗುವಿಗೂ ಜೇನು ಬೇಡ. ಬಜೆ, ಗುಟ್ಟಿ, ಹರಳೆಣ್ಣೆ, ಗ್ರೈಪ್ ವಾಟರ್ ಯಾವುದೂ ಬೇಡ.

ಅಮ್ಮನಿಗೂ ಊಟ ಬೇಕು, ಅಪ್ಪನಿಗೂ ಎದೆ ಇದೆ

ಮಗು ಎನ್‌ಐಸಿಯುನಲ್ಲಿದ್ದಾಗ ಹಾಲು ಬರುವುದು ತಾಯಿ ಎಷ್ಟು ಸಲ ಹಿಂಡಿ ತೆಗೆಯುತ್ತಾಳೆ ಎಂಬುದರ ಮೇಲೆ ನಿಂತಿದೆ. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಶುರು ಮಾಡಿ, ರಾತ್ರಿ ಒಮ್ಮೆಯೂ ಸೇರಿದಂತೆ ದಿನಕ್ಕೆ ಎಂಟು ಸಲ ತೆಗೆದರೆ ಹಾಲು ಉಳಿಯುತ್ತದೆ. ಮೊದಲ ದಿನ ಸಿಗುವುದು ಕೆಲವೇ ಹನಿ ಇರಬಹುದು. ಆ ಹಳದಿ ಗಿಣ್ಣು ಹಾಲಿನ ಒಂದು ಹನಿಯನ್ನೂ ಚೆಲ್ಲಬೇಡಿ, ಅದರಲ್ಲಿ ಸೋಂಕು ತಡೆಯುವ ಅಂಶಗಳು ತುಂಬಿವೆ. ಇಂಥ ಹೊತ್ತಿನಲ್ಲಿ ಬಾಣಂತಿ ಪಥ್ಯವೆಂದು ನೀರು ಕೊಡದೆ, ಬರೀ ಅನ್ನ-ಮೆಣಸಿನ ಸಾರಿನ ಮೇಲೆ ಇಡುವ ಪದ್ಧತಿಯನ್ನು ನಾವು ಒಪ್ಪುವುದಿಲ್ಲ. ಬೇಳೆ, ಸೊಪ್ಪು, ಮೊಟ್ಟೆ, ಹಾಲು, ಬಾಯಾರಿದಷ್ಟು ನೀರು ಅವಳಿಗೆ ಬೇಕು. ‘ನಿನ್ನ ಹಾಲೇ ಸರಿಯಿಲ್ಲ’ ಎಂಬ ಮಾತು ಬೇಡ. ಆತಂಕ ಹಾಲು ಇಳಿಯುವುದನ್ನು ತಡೆಯುತ್ತದೆ.

ಕೊಟ್ಟ ಹಾಲು ಬೆಳವಣಿಗೆಗೆ ಹೋಗಬೇಕೆಂದರೆ ಮಗು ಬೆಚ್ಚಗಿರಬೇಕು. ತಣ್ಣಗಾದ ಮಗು ತಿಂದದ್ದನ್ನೆಲ್ಲ ಮೈ ಬಿಸಿಮಾಡಲು ಸುಡುತ್ತದೆ. ಇಲ್ಲಿ ಬರುತ್ತದೆ ಕಾಂಗರೂ ಆರೈಕೆ: ಡೈಪರ್, ಟೋಪಿ ಮಾತ್ರ ಹಾಕಿದ ಮಗುವನ್ನು ತಾಯಿಯ ಬರಿ ಎದೆಗೆ ಆನಿಸಿ ಕಟ್ಟಿಕೊಳ್ಳುವುದು. ಇನ್‌ಕ್ಯುಬೇಟರ್‌ಗಳ ಕೊರತೆಯಿದ್ದ ಕೊಲಂಬಿಯಾದ ಬೊಗೊಟಾ ನಗರದಲ್ಲಿ 1978ರ ಸುಮಾರಿಗೆ ಡಾ. ಎಡ್ಗರ್ ರೇ ಇದನ್ನು ಶುರು ಮಾಡಿದರು. ಬಡವರ ಪರ್ಯಾಯ ಎಂದು ಮೂಗು ಮುರಿದವರೂ ಇದ್ದರು. 2021ರಲ್ಲಿ ಭಾರತ ಸೇರಿ ಐದು ದೇಶಗಳಲ್ಲಿ 3,200ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. 1 ಕೆ.ಜಿ.ಯಿಂದ 1.8 ಕೆ.ಜಿ.ಯೊಳಗಿನ ಮಕ್ಕಳಿಗೆ ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿದರೆ ಮೊದಲ 28 ದಿನಗಳ ಸಾವು ಶೇ 15.7ರಿಂದ ಶೇ 12ಕ್ಕೆ ಇಳಿಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಸರ್ಕಾರಿ ವ್ಯವಸ್ಥೆಯೊಳಗೇ ಕಾಂಗರೂ ಆರೈಕೆಯನ್ನು ವಿಸ್ತರಿಸುವ ಬಗೆಯನ್ನು ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ತಂಡ ಅಧ್ಯಯನ ಮಾಡಿದೆ. ತಾಯಿಗೆ ಹುಷಾರಿಲ್ಲದಿದ್ದರೆ ಅಪ್ಪ, ಅಜ್ಜಿ ಯಾರಾದರೂ ಕಟ್ಟಿಕೊಳ್ಳಬಹುದು.

ಇಷ್ಟೆಲ್ಲ ಆದರೂ ವಾರಪೂರ್ತಿ ತೂಕ ಏರದಿದ್ದರೆ? ಆಗ ಕೇಳುವ ಹಕ್ಕು ನಿಮಗಿದೆ, ಕೇಳಲೇಬೇಕು. ಹಾಲಿನ ಪ್ರಮಾಣವನ್ನು ಇವತ್ತಿನ ತೂಕಕ್ಕೆ ಲೆಕ್ಕ ಹಾಕಿದ್ದಾರೋ ಎರಡು ವಾರದ ಹಿಂದಿನದ್ದಕ್ಕೋ? (ಇದು ಸಣ್ಣ ವಿಷಯದಂತೆ ಕಂಡರೂ ಏರಿಕೆ ನಿಲ್ಲಲು ಸಾಮಾನ್ಯ ಕಾರಣ.) ಮಗು ತಣ್ಣಗಾಗುತ್ತಿದೆಯೇ? ಸೋಂಕು, ರಕ್ತಹೀನತೆ, ರಕ್ತದಲ್ಲಿ ಸೋಡಿಯಂ ಕೊರತೆ ಇದೆಯೇ? ಫೋರ್ಟಿಫೈಯರ್ ಬೇಕೇ? ಅದು ಸಿಗದ ಕಡೆ, ಹಾಲು ಹೆಚ್ಚಿರುವ ತಾಯಿ ಮೊದಲ ಭಾಗವನ್ನು ಬೇರೆ ತೆಗೆದಿಟ್ಟು, ಕೊಬ್ಬು ಹೆಚ್ಚಿರುವ ಕೊನೆಯ ಭಾಗದ ಹಾಲನ್ನು ಕೊಡುವ ಕ್ರಮವೂ ಇದೆ. ಚಾರ್ಟ್ ತೋರಿಸಿ ಎಂದು ಕೇಳಿ. ಖರ್ಚಿನ ಭಯಕ್ಕೆ ಮಗುವನ್ನು ಮನೆಗೆ ಒಯ್ಯುವ ಯೋಚನೆ ಇದ್ದರೆ, ಒಂದು ವರ್ಷದೊಳಗಿನ ಕಾಯಿಲೆಯ ಮಕ್ಕಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಚಿಕಿತ್ಸೆ ಉಚಿತ ಎಂಬುದು ತಿಳಿದಿರಲಿ. ಜಿಲ್ಲಾಸ್ಪತ್ರೆಗಳಲ್ಲಿ ಎಸ್‌ಎನ್‌ಸಿಯು ಎಂಬ ನವಜಾತ ಶಿಶು ಘಟಕಗಳಿವೆ.

ಮನೆಗೆ ಹೊರಡುವಾಗ

ಬಿಡುಗಡೆಗೆ ಎಷ್ಟು ಗ್ರಾಂ ಬೇಕು ಎಂಬುದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬದಲಾಗುತ್ತದೆ. ಗ್ರಾಂಗಿಂತ ಮುಖ್ಯವಾದದ್ದು ಕೆಲವು ದಿನ ಸತತವಾಗಿ ತೂಕ ಏರಿದೆಯೇ, ಎಲ್ಲ ಹಾಲನ್ನೂ ಬಾಯಿಂದಲೇ ಕುಡಿಯುತ್ತಿದೆಯೇ, ಮೈ ಬೆಚ್ಚಗಿದೆಯೇ, ತಾಯಿಗೆ ಧೈರ್ಯ ಬಂದಿದೆಯೇ ಎಂಬುದು. ನಂತರ ಆಶಾ ಕಾರ್ಯಕರ್ತೆಯರು ಮನೆಗೆ ಬಂದು ತೂಗುತ್ತಾರೆ, ಅವರನ್ನು ಬಾಗಿಲಲ್ಲೇ ಕಳಿಸಬೇಡಿ.

ಮನೆಗೆ ಬಂದ ಮೇಲೆ ವಯಸ್ಸಿನ ಲೆಕ್ಕ ಬದಲಾಗುತ್ತದೆ. 30 ವಾರಕ್ಕೆ ಹುಟ್ಟಿದ ಮಗು ಹತ್ತು ವಾರ ಮೊದಲೇ ಬಂದಿದೆ. ಅದಕ್ಕೆ ಆರು ತಿಂಗಳಾದಾಗ ಬೆಳವಣಿಗೆಯ ಲೆಕ್ಕಕ್ಕೆ ಅದು ಮೂರೂವರೆ ತಿಂಗಳ ಕೂಸು. ಎರಡು ವರ್ಷದವರೆಗೂ ಹೀಗೆ ಸರಿಹೊಂದಿಸಿದ ವಯಸ್ಸಿಗೇ ತೂಕ, ಉದ್ದ, ಕೂರುವುದು, ನಡೆಯುವುದನ್ನು ಹೋಲಿಸಬೇಕು. ಲಸಿಕೆಗೆ ಮಾತ್ರ ಹುಟ್ಟಿದ ದಿನದಿಂದಲೇ ಎಣಿಕೆ.

ಕೊನೆಗೆ, ತೂಕದ ಜೊತೆಗೇ ಹೆಣೆದುಕೊಂಡ, ಆದರೆ ಹಲವರು ಮರೆಯುವ ಒಂದು ವಿಷಯ. ದಿನ ತುಂಬದ ಮಕ್ಕಳಲ್ಲಿ ಕಣ್ಣಿನ ಅಕ್ಷಿಪಟಲದ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯುವ ಆರ್‌ಒಪಿ ಎಂಬ ಕಾಯಿಲೆ ಬರಬಹುದು. ಮೊದಲ ವಾರಗಳಲ್ಲಿ ತೂಕ ಸರಿಯಾಗಿ ಏರದ ಮಕ್ಕಳಲ್ಲಿ ಇದರ ಅಪಾಯ ಹೆಚ್ಚು. ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುತ್ತದೆ, ತಡವಾದರೆ ದೃಷ್ಟಿಯೇ ಹೋಗಬಹುದು. 2,000 ಗ್ರಾಂಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕಿಂತ ಮೊದಲು ಹುಟ್ಟಿದ ಮಗುವಿಗೆ 30 ದಿನ ತುಂಬುವುದರೊಳಗೆ ಕಣ್ಣಿನ ಪರೀಕ್ಷೆ ಆಗಲೇಬೇಕು. 28 ವಾರಕ್ಕಿಂತ ಮೊದಲು ಹುಟ್ಟಿದ್ದರೆ ಅಥವಾ 1,200 ಗ್ರಾಂಗಿಂತ ಕಡಿಮೆ ಇದ್ದರೆ ಎರಡು-ಮೂರು ವಾರದಲ್ಲೇ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಜಿಲ್ಲೆಗಳ ಆಸ್ಪತ್ರೆಗಳಿಗೇ ಕ್ಯಾಮೆರಾ ಒಯ್ದು ಮಕ್ಕಳ ಕಣ್ಣಿನ ಚಿತ್ರ ತೆಗೆಯುತ್ತಾರೆ, ತಜ್ಞರು ದೂರದಿಂದಲೇ ಅದನ್ನು ನೋಡುತ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ಕಣ್ಣಿನ ಪರೀಕ್ಷೆಯ ದಿನಾಂಕ ಬರೆದಿದೆಯೇ ನೋಡಿ. ಬರೆದಿರದಿದ್ದರೆ ಕೇಳಿ ಬರೆಸಿಕೊಂಡು, ಆ ಚೀಟಿಯ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ.